ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋದ ರೈತ ಎಲ್ಲಿ ಉಣ್ಣಬೇಕು?

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಪೇಟೆಗೆ ಮಾಲು ಒಯ್ಯುವ ರೈತನಿಗೆ ಈ ಎರಡು ವಿದ್ಯೆಗಳೂ ಒಂದೇ ವೇಳೆಯಲ್ಲಿ ಬೇಕಾಗುತ್ತವೆ. ಬೆಳೆ ಬೆಳೆಯುವುದು ಹೇಗೆ, ಗೊಬ್ಬರ ಎಷ್ಟು, ರೋಗಕ್ಕೆ ಔಷಧ ಯಾವುದು ಎಂದು ಈ ಪುಟದಲ್ಲಿ ಓದುತ್ತಲೇ ಇದ್ದೇವೆ. ಬೆಳೆದದ್ದನ್ನು ಮಾರಲು ಹೋದವನು ಆ ರಾತ್ರಿ, ಆ ಬೆಳಗ್ಗೆ ಏನು ತಿಂದ, ಎಲ್ಲಿ ತಿಂದ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಇದು ಸಣ್ಣ ಮಾತೆಂದು ತೋರಬಹುದು. ವಿಚಾರ ಮಾಡಿ ನೋಡಿದರೆ ಮಾಲಿಗೆ ಸಿಕ್ಕುವ ಬೆಲೆಗೂ ಈ ಮಾತಿಗೂ ನೇರವಾದ ಸಂಬಂಧ ಉಂಟು.

ಸೆಟ್ಟೂರು, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರದ ಕಡೆಯ ಕನ್ನಡ ಹಳ್ಳಿಗಳಿಂದ ಟೊಮೇಟೊ, ಹೂವು, ತರಕಾರಿ ಹೊತ್ತು ಬೆಂಗಳೂರಿಗೆ ಹೋಗುವವರು ಸಾಮಾನ್ಯವಾಗಿ ಸಂಜೆಗೆ ವಾಹನ ಹತ್ತುತ್ತಾರೆ. ಕಲ್ಯಾಣದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ದಾರಿ. ಮನೆಯಲ್ಲಿ ಅವಸರದಿಂದ ಎರಡು ತುತ್ತು ಉಂಡವರು, ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಮಾರುಕಟ್ಟೆಯಲ್ಲಿ ಇಳಿಯುತ್ತಾರೆ. ಮೂಟೆ ಇಳಿಸಿ, ಹಮಾಲಿಯೊಡನೆ ಕೂಗಾಡಿ, ಮಾಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತವರಿಗೆ ವ್ಯಾಪಾರ ಮುಗಿಯುವ ತನಕ ಒಂದು ಲೋಟ ಚಹಾ ಬಿಟ್ಟರೆ ಬೇರೇನೂ ಹೊಟ್ಟೆಗೆ ಬೀಳುವುದಿಲ್ಲ.

ಹಸಿದವನು ಚೌಕಾಸಿ ಮಾಡಲಾರ

ನಮ್ಮ ಊರಿನ ರೈತರೊಬ್ಬರು ಕಳೆದೊಂದು ಬೇಸಿಗೆಯಲ್ಲಿ 40 ಪೆಟ್ಟಿಗೆ ಟೊಮೇಟೊ ಒಯ್ದಿದ್ದರು. ಹಿಂದಿನ ಮಧ್ಯಾಹ್ನ ಉಂಡದ್ದೇ ಕೊನೆ. ಬೆಳಗ್ಗೆ ಆರು ಗಂಟೆಯ ಹೊತ್ತಿಗೆ ತಲೆ ಸುತ್ತತೊಡಗಿತು. ಕೊಳ್ಳುವವನು ಪೆಟ್ಟಿಗೆಗೆ ಹದಿನೈದು ರೂಪಾಯಿ ಕಡಮೆ ಕೇಳಿದ. “ಹೋಗಲಿ, ಒಮ್ಮೆ ಮುಗಿದರೆ ಸಾಕು” ಎಂದು ಕೊಟ್ಟುಬಿಟ್ಟರು. ಲೆಕ್ಕ ಹಾಕಿ ನೋಡಿ: 40 ಪೆಟ್ಟಿಗೆಗೆ 15ರಂತೆ 600 ರೂಪಾಯಿ. ಇಬ್ಬರು ಹೊಟ್ಟೆ ತುಂಬ ತಿಂಡಿ ತಿಂದು ಕಾಫಿ ಕುಡಿದಿದ್ದರೂ ಅದರ ಕಾಲುಭಾಗ ಖರ್ಚಾಗುತ್ತಿರಲಿಲ್ಲ. ತಿಂಡಿಯ ದುಡ್ಡು ಉಳಿಸಿದೆವೆಂದು ತಿಳಿದವರು ಮಾಲಿನ ದುಡ್ಡು ಕಳೆದುಕೊಂಡರು.

ಕೊಳ್ಳುವವನು ಮನೆಯಲ್ಲಿ ಮಲಗೆದ್ದು, ಕಾಫಿ ಕುಡಿದು ಬಂದಿರುತ್ತಾನೆ. ಮಾರುವವನು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿರುತ್ತಾನೆ. ಇವರಿಬ್ಬರ ನಡುವೆ ಮಾತಿನ ಜಟಾಪಟಿಯಾದರೆ ಗೆಲ್ಲುವವರು ಯಾರೆಂದು ಹೇಳಬೇಕಾಗಿಲ್ಲ. ಆದುದರಿಂದ ಪೇಟೆಯಲ್ಲಿನ ಊಟವನ್ನು ಮೋಜಿನ ಖರ್ಚೆಂದು ಎಣಿಸದೆ, ಬಾಡಿಗೆ, ಹಮಾಲಿಗಳಂತೆ ವ್ಯಾಪಾರದ ಖರ್ಚೆಂದೇ ಮೊದಲಿನಿಂದ ಎತ್ತಿಡತಕ್ಕದ್ದು.

ಮಾರುಕಟ್ಟೆಯ ಪರಿಚಯ

ಜನ ಸಿಟಿ ಮಾರ್ಕೆಟ್ ಎಂದೂ ಕೆ.ಆರ್. ಮಾರ್ಕೆಟ್ ಎಂದೂ ಕರೆಯುವ ಈ ಮಾರುಕಟ್ಟೆ 1928ರಲ್ಲಿ ಸ್ಥಾಪನೆಯಾಯಿತು. ಮೈಸೂರಿನ ಅಂದಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಇದಕ್ಕೆ ಬಂದಿದೆ. ಅದಕ್ಕೂ ಹಿಂದೆ ಈ ಜಾಗಕ್ಕೆ ಸಿದ್ಧಿಕಟ್ಟೆ ಎಂಬ ಹೆಸರಿತ್ತು. ಒಂದು ಮಗ್ಗುಲಲ್ಲಿ ಕೋಟೆ, ಕೋಟೆ ವೆಂಕಟರಮಣಸ್ವಾಮಿ ದೇವಾಲಯ ಮತ್ತು ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ. ಇನ್ನೊಂದು ಮಗ್ಗುಲಲ್ಲಿ ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆಗಳ ಹಳೆಯ ವ್ಯಾಪಾರದ ಬೀದಿಗಳು. ಸಗಟು ತರಕಾರಿಯ ಕಲಾಸಿಪಾಳ್ಯ ಹತ್ತಿರದಲ್ಲೇ ಉಂಟು. ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಜೋರಾಗಿರುತ್ತದೆ. ಬಿಸಿಲು ಏರುವ ವೇಳೆಗೆ ಒಳ್ಳೆಯ ಮಾಲು ಕೈ ಬದಲಿಸಿರುತ್ತದೆ.

ಹಿಂದೂಪುರದಿಂದ ರೈಲಿನಲ್ಲಿ ಬರುವವರು ಬೆಂಗಳೂರು ನಿಲ್ದಾಣದಲ್ಲಿ ಇಳಿದು, ಮೆಜೆಸ್ಟಿಕ್‌ನಿಂದ ಮೆಟ್ರೋ ಹತ್ತಿದರೆ ಚಿಕ್ಕಪೇಟೆಯ ಅನಂತರದ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ಈ ನಿಲ್ದಾಣ 2017ರಲ್ಲಿ ತೆರೆಯಿತು. ಮಾಲಿನೊಡನೆ ಬರುವವರಿಗೆ ಇದರಿಂದ ಪ್ರಯೋಜನವಿಲ್ಲ. ಪಟ್ಟಿ ನೋಡಿ ಹಣ ತರಲು ಹೋಗುವವರಿಗೆ, ಬೀಜ, ಉಪಕರಣ ಕೊಳ್ಳಲು ಹೋಗುವವರಿಗೆ ಅನುಕೂಲ.

ಮೊದಲನೆಯ ಊಟ ಮನೆಯ ಬುತ್ತಿ

ವ್ಯಾಪಾರ ಶುರುವಾಗುವ ಮೊದಲು ತಿನ್ನಬೇಕಾದದ್ದು ಮನೆಯ ಬುತ್ತಿಯನ್ನೇ. ಆ ಹೊತ್ತಿನಲ್ಲಿ ಮಾಲು ಬಿಟ್ಟು ಹೋಟೆಲು ಹುಡುಕುವುದು ಆಗದ ಕೆಲಸ. ಆದರೆ ಬುತ್ತಿಗೂ ಒಂದು ವಿವೇಕ ಬೇಕು. ಬಿಳಿ ಅನ್ನ, ಸಾರು, ಹಸಿ ಚಟ್ನಿ ಕಟ್ಟಿಕೊಂಡು ಹೋದರೆ ಬೇಸಿಗೆಯ ರಾತ್ರಿ ಎಂಟು ಗಂಟೆಗಳ ಕಾಲ ಅದು ಕೆಡದೆ ಇರಲಾರದು. ಬೇಯಿಸಿದ ಅನ್ನ ಸೆಕೆಯಲ್ಲಿ ಹೊತ್ತುಗಟ್ಟಲೆ ಇದ್ದರೆ ಅದರಲ್ಲಿ ಕ್ರಿಮಿಗಳು ಬೆಳೆದು ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ನೀರಿನಂಶ ಕಡಮೆಯಿದ್ದಷ್ಟೂ ಬುತ್ತಿ ತಾಳುತ್ತದೆ. ಚೆನ್ನಾಗಿ ಸುಟ್ಟ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ ರೊಟ್ಟಿ, ಅದರ ಜೊತೆಗೆ ಕಡಲೆಕಾಯಿಯ ಒಣ ಚಟ್ನಿಪುಡಿ, ಒಂದು ತುಂಡು ಬೆಲ್ಲ. ಇದಕ್ಕೆ ಸಮನಾದ ಬುತ್ತಿ ಇನ್ನೊಂದಿಲ್ಲ. ಅನ್ನವೇ ಬೇಕೆಂದರೆ ಹುಣಿಸೆಯ ಗೊಜ್ಜು ಕಲಸಿದ ಪುಳಿಯೋಗರೆ ಮೇಲು. ಹುಳಿಗೆ ಕ್ರಿಮಿಗಳು ಬೇಗ ಬೆಳೆಯವು. ಹಿಂದೂಪುರದ ಹುಣಿಸೆ ನಾಡಿಗೆಲ್ಲ ಹೋಗುತ್ತದೆ. ನಮ್ಮ ಬುತ್ತಿಗೆ ಅದು ಅಪರೂಪವೇ?

ಕಡಲೆಬೀಜವನ್ನು ಬಡವರ ಆಹಾರವೆಂದು ಹೀನೈಸುವವರು ಒಂದು ಅಂಶವನ್ನು ತಿಳಿಯಬೇಕು. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕ ಉಂಟು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಇದು ತೀರ ಸ್ವಲ್ಪ. ಬೂಷ್ಟು ಹಿಡಿದ, ಸುಕ್ಕುಗಟ್ಟಿದ, ಕಹಿಯಾದ ಬೀಜವನ್ನು ಮಾತ್ರ ಆರಿಸಿ ಬಿಸಾಡತಕ್ಕದ್ದು. ಅದರಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷವಿರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಮಾರಲಾಗದ ಬೀಜವನ್ನು ಮನೆಗೆ ಇಟ್ಟುಕೊಳ್ಳುವ ನಮ್ಮ ಅಭ್ಯಾಸ ಈ ಒಂದು ವಿಷಯದಲ್ಲಿ ಒಳ್ಳೆಯದಲ್ಲ.

ಗಾಡಿಯ ತಿಂಡಿ

ಬೆಳಗಿನ ಜಾವದಲ್ಲಿ ಮಾರುಕಟ್ಟೆಯ ಸುತ್ತ ಸೈಕಲ್ಲಿನ ಮೇಲೆ ಪ್ಲಾಸ್ಕಿಟ್ಟುಕೊಂಡು ಚಹಾ, ಕಾಫಿ ಮಾರುವವರು ಓಡಾಡುತ್ತಿರುತ್ತಾರೆ. ಬೆಳಕು ಹರಿಯುತ್ತಲೇ ತಳ್ಳುಗಾಡಿಗಳಲ್ಲಿ ಇಡ್ಲಿ, ವಡೆ, ಚಿತ್ರಾನ್ನ, ಪಲಾವು ಬರುತ್ತವೆ. ಹಮಾಲಿಗಳು, ಹೂ ಕಟ್ಟುವವರು, ಆಟೋ ನಡೆಸುವವರು ಇಲ್ಲಿಯೇ ತಿನ್ನುತ್ತಾರೆ. ಗಾಡಿಯ ತಿಂಡಿಯೆಲ್ಲ ಕೆಟ್ಟದ್ದೆಂದು ಮೂಗು ಮುರಿಯುವುದು ನ್ಯಾಯವಲ್ಲ. ಅವರೂ ನಮ್ಮಂತೆ ದುಡಿದು ತಿನ್ನುವವರೇ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು 2014ರಲ್ಲಿ ಕೇಂದ್ರ ಸರ್ಕಾರ ಕಾಯಿದೆಯನ್ನೇ ಮಾಡಿದೆ. ಆದರೆ ಗಾಡಿಯನ್ನು ಆರಿಸಿಕೊಳ್ಳುವ ಕಣ್ಣು ನಮಗಿರಬೇಕು.

ಒಂದು: ಒಲೆ ಉರಿಯುತ್ತಿರುವ, ಕಣ್ಣೆದುರಿಗೇ ಹಬೆಯಿಂದ ಇಳಿಸಿ ಕೊಡುವ ಗಾಡಿಗೇ ಹೋಗಿ. ಬಿಸಿಯಾಗಿ ಹೊಗೆಯಾಡುವ ಇಡ್ಲಿಯಿಂದ ಕೇಡಾಗುವುದು ಅಪರೂಪ. ಪಾತ್ರೆಯಲ್ಲಿ ತಣ್ಣಗೆ ಕುಳಿತ ಪಲಾವಿನಿಂದ ಆಗುವುದುಂಟು.

ಎರಡು: ಹಮಾಲಿಗಳು ಗುಂಪುಗೂಡಿರುವ ಗಾಡಿಯನ್ನು ನೋಡಿ. ದಿನವೂ ತಿನ್ನುವವರು ಹೊಟ್ಟೆ ಕೆಡಿಸುವ ಕಡೆಗೆ ಎರಡನೆಯ ಸಲ ಹೋಗುವುದಿಲ್ಲ. ಮಾಲು ಬೇಗ ಖರ್ಚಾಗುವಲ್ಲಿ ಹಳೆಯದು ಉಳಿಯುವುದೂ ಇಲ್ಲ.

ಮೂರು: ಇಡ್ಲಿಯ ತಟ್ಟೆಗೆ ಬಟ್ಟೆ ಹಾಸಿದ್ದಾರೆಯೇ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆಯೇ ನೋಡಿ. ಬಿಸಿಗೆ ಪ್ಲಾಸ್ಟಿಕ್ಕಿನ ಅಂಶ ಆಹಾರಕ್ಕೆ ಇಳಿಯುತ್ತದೆಂಬ ಕಾರಣಕ್ಕೆ ಇದನ್ನು ನಿಷೇಧಿಸುವುದಾಗಿ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಹಳೆಯ ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವ ಬೋಂಡ, ಬಜ್ಜಿಯೂ ಬೇಡ; ಅಚ್ಚಿನ ಮಸಿ ಎಣ್ಣೆಗೆ ಅಂಟಿಕೊಳ್ಳುತ್ತದೆ. ಎಲೆಯಲ್ಲಿ ಕೊಡುವವರಿದ್ದರೆ ಅದೇ ಉತ್ತಮ.

ನಾಲ್ಕು: ನೀರು. ಕಾಮಾಲೆ, ವಿಷಮಶೀತ ಜ್ವರ, ವಾಂತಿಭೇದಿಗಳು ಹೆಚ್ಚಾಗಿ ಬರುವುದು ಕೆಟ್ಟ ನೀರಿನಿಂದ ಮತ್ತು ಕೊಳಕು ಕೈಗಳಿಂದ. ಮನೆಯಿಂದಲೇ ಕಾಯಿಸಿ ಆರಿಸಿದ ನೀರು ಒಯ್ಯಿರಿ. ಹೆಚ್ಚಿಟ್ಟ ಹಣ್ಣು, ಐಸು ಹಾಕಿದ ಪಾನಕ, ನೀರು ಬೆರೆಸಿದ ಚಟ್ನಿ ಇವುಗಳಿಂದ ದೂರವಿರಿ. ಬಾಳೆಹಣ್ಣು, ಎಳನೀರು ಒಳ್ಳೆಯವು. ಪ್ರಕೃತಿಯೇ ಅವಕ್ಕೆ ಹೊದಿಕೆ ಹಾಕಿ ಕೊಟ್ಟಿದೆ.

ಹೀಗೆ ಎಚ್ಚರವಿದ್ದರೂ ಭೇದಿ ಹತ್ತಿದರೆ, ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಮಟ್ಟವಾಗಿ ಅಳೆದು ಕರಗಿಸಿ ಆಗಾಗ ಕುಡಿಯತಕ್ಕದ್ದು. ವಿಕ್ಟೋರಿಯಾ ಆಸ್ಪತ್ರೆ ಮಾರುಕಟ್ಟೆಗೆ ಹತ್ತಿರದಲ್ಲೇ ಇದೆ ಎಂಬುದನ್ನೂ ನೆನಪಿನಲ್ಲಿಡಿ.

ಹೋಟೆಲುಗಳು

ವ್ಯಾಪಾರ ಮುಗಿದು ಹಣ ಕೈಗೆ ಬಂದ ಮೇಲೆ ಕುಳಿತು ಉಣ್ಣುವ ಮನಸ್ಸಾಗುವುದು ಸಹಜ. ಬಳೇಪೇಟೆಯಲ್ಲಿ ಉಡುಪಿ ಶ್ರೀಕೃಷ್ಣ ಭವನ ಎಂಬ ಹಳೆಯ ಹೋಟೆಲು ಪೇಟೆಯ ವ್ಯಾಪಾರಿಗಳಿಗೆಲ್ಲ ಗೊತ್ತು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಜನ ಎಂ.ಟಿ.ಆರ್. ಎನ್ನುವುದು, 1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರಿಂದ ಆರಂಭವಾಯಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶ ಜಪಾನೀಯರ ಕೈಗೆ ಸಿಕ್ಕಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದಾಗ, ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಿ ಬಡಿಸಿದವರು ತಾವೇ ಎಂದು ಆ ಹೋಟೆಲಿನವರು ಹೇಳುತ್ತಾರೆ. ಮಳೆ ಹೋದ ವರ್ಷ ನವಣೆಯನ್ನೋ ಸಾಮೆಯನ್ನೋ ಉಣ್ಣುತ್ತಿದ್ದ ನಮ್ಮ ಹಿರಿಯರ ಬುದ್ಧಿಯೂ ಇದೇ ಅಲ್ಲವೇ? ಅಲ್ಲಿ ಜನಸಂದಣಿ ಹೆಚ್ಚು, ಬೆಲೆಯೂ ಗಾಡಿಯ ತಿಂಡಿಯಂತಲ್ಲ. ಹೊತ್ತು ಇದ್ದವರು ಒಮ್ಮೆ ಹೋಗಿ ನೋಡಬಹುದು. ಹಿಂದಿರುಗುವ ಲಾರಿ ಕಾಯುತ್ತಿದ್ದರೆ ಹೋಗತಕ್ಕದ್ದಲ್ಲ.

ದರ್ಶಿನಿ ಎಂಬ ಬಗೆಯ ಹೋಟೆಲುಗಳು ಬೆಂಗಳೂರಿನಲ್ಲಿ 1980ರ ದಶಕದಿಂದ ಹರಡಿದವು. ಇಲ್ಲಿ ಕುರ್ಚಿಯಿಲ್ಲ, ಬಡಿಸುವವರಿಲ್ಲ. ಮೊದಲು ಹಣ ಕಟ್ಟಿ ಚೀಟಿ ಪಡೆಯಬೇಕು. ಚೀಟಿ ಕೊಟ್ಟು ತಟ್ಟೆ ತೆಗೆದುಕೊಳ್ಳಬೇಕು. ನಿಂತು ತಿಂದು ತಟ್ಟೆಯನ್ನು ಇಡುವ ಕಡೆ ಇಡಬೇಕು. ಜಾಗ, ಆಳು ಎರಡರ ಖರ್ಚೂ ಕಡಮೆಯಾದುದರಿಂದ ಬೆಲೆಯೂ ಕಡಮೆ. ಅವಸರದ ರೈತನಿಗೆ ಹೊಂದುವ ಪದ್ಧತಿ ಇದು. ಮೊದಲ ಸಲ ಹೋದವರು ಮೇಜು ಹುಡುಕುತ್ತ ನಿಲ್ಲದೆ ನೇರವಾಗಿ ಹಣ ಕಟ್ಟುವ ಕಡೆಗೆ ನಡೆಯಿರಿ. ಫಲಕಗಳು ಕನ್ನಡದಲ್ಲಿರುತ್ತವೆ. ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು ಓದುತ್ತಿದ್ದರೂ, ಮನೆಯಲ್ಲಿ ನಾಲ್ಕಕ್ಷರ ಕನ್ನಡ ಕಲಿಸಿದ್ದರೆ ಇಂಥ ಕಡೆ ಅವರೇ ಓದಿ ಹೇಳಬಲ್ಲರು.

ಮಾಂಸ ತಿನ್ನುವವರಿಗೆ ಮಿಲಿಟರಿ ಹೋಟೆಲುಗಳು ಉಂಟು. ಮುದ್ದೆ, ಸಾರು ಸಿಕ್ಕುವುದು ಸಾಮಾನ್ಯವಾಗಿ ಇಲ್ಲಿಯೇ. ದೂರದ ಪಟ್ಟಣದಲ್ಲಿ ಒಂದು ಮುದ್ದೆ ಉಂಡರೆ ಸಂಜೆಯವರೆಗೆ ಚಿಂತೆಯಿಲ್ಲ. ಆದರೆ ಮುದ್ದೆ ಉಂಡು ಹಣದ ಚೀಲ ತಲೆದಿಂಬಾಗಿಟ್ಟು ಮಲಗುವುದಕ್ಕೆ ಮಾರುಕಟ್ಟೆಯ ಮೂಲೆ ತಕ್ಕ ಸ್ಥಳವಲ್ಲ.

ಸರ್ಕಾರದ ಇಂದಿರಾ ಕ್ಯಾಂಟೀನುಗಳು ಬೆಂಗಳೂರಿನಲ್ಲಿ 2017ರ ಆಗಸ್ಟ್ 16ರಂದು ಆರಂಭವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ನಿಗದಿಯಾಯಿತು. ನಮ್ಮ ಆಂಧ್ರಪ್ರದೇಶದಲ್ಲಿ 2018ರಲ್ಲಿ ತೆರೆದು ಮರುವರ್ಷ ಮುಚ್ಚಿದ್ದ ಅನ್ನ ಕ್ಯಾಂಟೀನುಗಳು 2024ರ ಆಗಸ್ಟಿನಲ್ಲಿ ಮತ್ತೆ ಆರಂಭವಾದವು. ಇಲ್ಲಿ ಉಣ್ಣುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ನಾಡಿಗೆ ಅನ್ನ ಬೆಳೆದು ಕೊಡುವವನು ಐದು ರೂಪಾಯಿಗೆ ಇಡ್ಲಿ ತಿಂದರೆ ಯಾರ ಗಂಟೂ ಹೋಗುವುದಿಲ್ಲ. ಹತ್ತಿರದಲ್ಲಿ ತೆರೆದಿರುವುದು ಎಲ್ಲಿ, ಯಾವ ವೇಳೆಗೆ ಎಂಬುದನ್ನು ಹಮಾಲಿಗಳನ್ನು ಕೇಳಿದರೆ ಹೇಳುತ್ತಾರೆ. ಹೊತ್ತು ಮೀರಿ ಹೋದರೆ ಪಾತ್ರೆ ಬರಿದಾಗಿರುತ್ತದೆ.

ಸಂಜೆ ಉಳಿಯಬೇಕಾದವರಿಗೆ ವಿಶ್ವೇಶ್ವರಪುರದ ತಿಂಡಿ ಬೀದಿ ಉಂಟು. ಸಜ್ಜನರಾವ್ ವೃತ್ತದ ಬಳಿಯ ಈ ಬೀದಿ ಕತ್ತಲಾದ ಮೇಲೆಯೇ ಕಳೆಗಟ್ಟುವುದು. ಅವರೆಕಾಯಿಯ ಕಾಲದಲ್ಲಿ ಅದರ ಬಗೆಬಗೆಯ ತಿಂಡಿಗಳನ್ನು ಇಲ್ಲಿ ಮಾಡುತ್ತಾರೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಹೋಗುವ ನಮ್ಮ ಕಡೆಯವರಿಗೂ ಈ ಬೀದಿ ದೂರವಲ್ಲ.

ಯಾರೂ ತಡೆಯುವಂತಿಲ್ಲ

ನಮ್ಮ ಹಿರಿಯರಲ್ಲಿ ಕೆಲವರು ಇಂದಿಗೂ ಪಟ್ಟಣದ ಹೋಟೆಲಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಅದಕ್ಕೆ ಕಾರಣವಿದೆ. ಜಾತಿ ಕೇಳಿ ಲೋಟ ಕೊಡುತ್ತಿದ್ದ, ಕೆಲವರನ್ನು ಹೊರಗೆ ನಿಲ್ಲಿಸಿ ಎತ್ತರದಿಂದ ನೀರು ಹೊಯ್ಯುತ್ತಿದ್ದ ಕಾಲವನ್ನು ಅವರು ಕಂಡವರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಹೋಟೆಲುಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸ್ಪಷ್ಟವಾಗಿ ಹೇಳಿದೆ. 1955ರ ಕಾಯಿದೆ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸಿತು. ಮಣ್ಣಿನ ಕಾಲಿನವರಾಗಲಿ, ಹರಿದ ಪಂಚೆಯವರಾಗಲಿ, ಹಣ ಕೊಟ್ಟು ಉಣ್ಣುವವರಿಗೆ ಎಲ್ಲರ ಸಾಲಿನಲ್ಲೇ ಸ್ಥಾನ ಉಂಟು. ತಲೆ ಎತ್ತಿಕೊಂಡು ಒಳಗೆ ಹೋಗಿ.

ನಮ್ಮ ಅಕ್ಕತಂಗಿಯರ ಕಷ್ಟ

ಹೂವು ಒಯ್ಯುವ ಹೆಣ್ಣುಮಕ್ಕಳ ವಿಷಯ ಬೇರೆಯೇ. ಶೌಚಕ್ಕೆ ಹೋಗಲು ಚೊಕ್ಕಟವಾದ, ಭಯವಿಲ್ಲದ ಜಾಗ ಸಿಕ್ಕೀತೋ ಇಲ್ಲವೋ ಎಂಬ ಅಂಜಿಕೆಯಿಂದ ಅವರಲ್ಲಿ ಅನೇಕರು ಹಿಂದಿನ ಸಂಜೆಯಿಂದಲೇ ನೀರು ಬಿಡುತ್ತಾರೆ. ನೀರು ಬಿಟ್ಟವರು ಊಟವನ್ನೂ ಬಿಡುತ್ತಾರೆ. ಇದರಿಂದ ಉರಿಮೂತ್ರ, ತಲೆಸುತ್ತು, ಮೂತ್ರಕೋಶದ ರೋಗಗಳು ಬರುತ್ತವೆ. ಒಬ್ಬೊಬ್ಬರೇ ಹೋಗದೆ ಮೂವರು ನಾಲ್ವರು ಕೂಡಿ ಹೋಗಿ. ಒಬ್ಬರು ಮಾಲು ಕಾಯಲಿ, ಮಿಕ್ಕವರು ಹಣ ಕೊಟ್ಟು ಬಳಸುವ ಶೌಚಾಲಯಕ್ಕೂ ತಿಂಡಿಗೂ ಹೋಗಿ ಬರಲಿ. ದೊಡ್ಡ ಹೋಟೆಲಿನಲ್ಲಿ ತಿಂಡಿ ತಿಂದರೆ ಅಲ್ಲಿಯ ಶೌಚಾಲಯ ಬಳಸಲು ಕೇಳುವುದರಲ್ಲಿ ತಪ್ಪಿಲ್ಲ. ಜೊತೆಗಿರುವ ಗಂಡಸರು, “ನೀನು ಉಂಡೆಯಾ?” ಎಂದು ಒಂದು ಮಾತು ಕೇಳುವುದನ್ನು ಕಲಿಯಬೇಕು.

ಮಂಡಿಯ ಚಹಾ ಬಿಟ್ಟಿಯಲ್ಲ

ಕೆಲವು ಕಡೆ ಮಾಲು ತಂದ ರೈತನಿಗೆ ದಲ್ಲಾಳಿಯೇ ಚಹಾ, ತಿಂಡಿ ತರಿಸಿಕೊಡುವುದುಂಟು. ಪ್ರೀತಿಯಿಂದ ಕೊಡುವವರೂ ಇದ್ದಾರೆ. ಆದರೆ ಪಟ್ಟಿ ಕೈಗೆ ಬಂದಾಗ ಕಮಿಷನ್, ಹಮಾಲಿಗಳ ಕೆಳಗೆ “ಇತರೆ ಖರ್ಚು” ಎಂದು ಒಂದು ಮೊತ್ತ ಇದೆಯೇ ಎಂದು ಓದಿ ನೋಡಿ. ಇದ್ದರೆ, ಏನೆಂದು ವಿನಯದಿಂದ ಕೇಳಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಒಬ್ಬರ ತಿಂಡಿ ತಿಂದ ಮೇಲೆ ಅವರು ಹೇಳಿದ ಬೆಲೆಗೆ ಬೇಡವೆನ್ನಲು ನಮ್ಮ ಹಳ್ಳಿಯವರ ನಾಲಗೆ ಏಳುವುದಿಲ್ಲ. ನಮ್ಮ ತಿಂಡಿಯ ಹಣ ನಮ್ಮ ಜೇಬಿನಿಂದ ಹೋದರೆ ನಮ್ಮ ಮಾತೂ ನಮ್ಮದಾಗಿರುತ್ತದೆ.

ತಿಂಡಿಯ ಚಿಲ್ಲರೆಯನ್ನು ಬೇರೆ ಜೇಬಿನಲ್ಲಿಡಿ. ಮಾಲಿನ ಹಣದ ಗಂಟನ್ನು ಗಾಡಿಯ ಮುಂದೆ ಬಿಚ್ಚಬೇಡಿ. ಫೋನಿನಲ್ಲೇ ಹಣ ಕಟ್ಟುತ್ತೇವೆ ಎನ್ನುವ ಯುವಕರೂ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳುವುದು ಲೇಸು. ರಾತ್ರಿಯೆಲ್ಲ ಹಾಡು ಕೇಳಿದ ಫೋನು ಬೆಳಗ್ಗೆ ತಿಂಡಿಯ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಇನ್ನು, ಹಣ ಕೈಗೆ ಬಂದ ಕೂಡಲೇ ಹೆಂಡದಂಗಡಿಯ ಕಡೆಗೆ ತಿರುಗುವ ಗೆಳೆಯನಿದ್ದರೆ ಅವನನ್ನು ಮೊದಲು ಊಟಕ್ಕೆ ಕೂಡಿಸಿ. ಹೊಟ್ಟೆ ತುಂಬಿದವನು ಮನೆಯನ್ನು ನೆನೆಯುತ್ತಾನೆ.

ಬೇರೆ ದೇಶಗಳಲ್ಲಿ

ಮಾರುಕಟ್ಟೆಯ ದುಡಿಮೆಗಾರನಿಗಾಗಿ ಹುಟ್ಟಿದ ಊಟ ಬೇರೆ ನಾಡುಗಳಲ್ಲೂ ಹೆಸರಾಗಿದೆ. ಪ್ಯಾರಿಸ್ ಪಟ್ಟಣದ ಹಳೆಯ ಸಗಟು ಮಾರುಕಟ್ಟೆಯ ಸುತ್ತ ಮಾಲು ಹೊರುವವರಿಗೆ ನಸುಕಿನಲ್ಲಿ ಬಿಸಿ ಈರುಳ್ಳಿ ಸಾರು ಸಿಕ್ಕುತ್ತಿತ್ತು. 1969ರಲ್ಲಿ ಆ ಮಾರುಕಟ್ಟೆ ಊರಾಚೆಗೆ ಹೋಯಿತು. ಸಾರು ಮಾತ್ರ ಇಂದಿಗೂ ಪ್ರಸಿದ್ಧ. ಜಪಾನಿನ ಟೋಕಿಯೋದಲ್ಲಿ 1899ರಲ್ಲಿ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಅನ್ನದ ಮೇಲೆ ಮಾಂಸ ಹಾಕಿ ಬೇಗ ಬಡಿಸುತ್ತಿದ್ದ ಯೋಷಿನೋಯಾ ಎಂಬ ಒಂದು ಸಣ್ಣ ಅಂಗಡಿ ಈಗ ಹಲವು ದೇಶಗಳಲ್ಲಿ ಶಾಖೆಗಳನ್ನು ಹೊಂದಿದೆ. ಅಲ್ಲಿ ಮಾರುಕಟ್ಟೆಯ ಜನಕ್ಕೆ ಬೇಕಾದ ಊಟ ಮಾರುಕಟ್ಟೆಯಲ್ಲೇ ಬೆಳೆಯಿತು. ನಮ್ಮಲ್ಲಿಯೂ ಕಡಲೆಬೀಜದ ಚಟ್ನಿ, ಮುದ್ದೆ, ಸೊಪ್ಪಿನ ಸಾರು ಇರುವ ಒಂದು ಊಟದ ಮನೆಯನ್ನು ಬೆಳೆಗಾರರ ಸಂಘಗಳೇ ಮಾರುಕಟ್ಟೆಯ ಬಳಿ ನಡೆಸಲಾಗದೇ? ಕೈಕಾಲು ತೊಳೆಯಲು ನೀರು, ಶೌಚಾಲಯ, ಒಂದು ಗಳಿಗೆ ಒರಗಲು ಜಾಗ, ನಸುಕಿನ ನಾಲ್ಕು ಗಂಟೆಗೆ ಬಿಸಿ ಗಂಜಿ, ಕೇಳುವುದು ಇಷ್ಟೇ. ಒಬ್ಬ ರೈತ ಕೇಳಿದರೆ ಯಾರೂ ಕಿವಿಗೊಡರು. ಹತ್ತು ಹಳ್ಳಿಯ ರೈತರು ಸಹಿ ಮಾಡಿ ಕೇಳಿದರೆ ಮಾರುಕಟ್ಟೆಯನ್ನು ನೋಡಿಕೊಳ್ಳುವ ಅಧಿಕಾರಿಗಳು ಕಾಗದವನ್ನಾದರೂ ಓದುತ್ತಾರೆ.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ನಾವು ಮಾಡೋಣ. ಮುಂದಿನ ಸಲ ಮೂಟೆ ಕಟ್ಟುವಾಗ ಒಂದು ಬುತ್ತಿಯನ್ನೂ ಕಟ್ಟಿ, ಒಂದು ಸೀಸೆ ನೀರು ತುಂಬಿ, ತಿಂಡಿಯ ಹಣವನ್ನು ಬಾಡಿಗೆಯ ಹಣದ ಜೊತೆಗೇ ಎಣಿಸಿಡಿ. ವ್ಯಾಪಾರಕ್ಕೆ ಮೊದಲು ರೊಟ್ಟಿ, ಮುಗಿದ ಮೇಲೆ ಬಿಸಿ ತಿಂಡಿ. ಬೆಲೆ ಏರುವುದು ಇಳಿಯುವುದು ನಮ್ಮ ಕೈಯಲ್ಲಿಲ್ಲ. ಹೊಟ್ಟೆ ತುಂಬಿಸಿಕೊಂಡು ಬೆಲೆ ಕೇಳುವುದು ನಮ್ಮ ಕೈಯಲ್ಲಿದೆ.